ಮುಳುಗಿಸಿದ ಮರಗಳು

"ಮಾರ್ಲಾ, ಸ್ವಲ್ಪ ಪಕ್ಕಕ್ಕೆ ಸರ್ಕೊ. ಮೂರು ಗಂಟೆಗೆ ಮೀನು ತೂಕಕ್ಕಿಡ್ಬೇಕು, ಐದನೇ ಬಾಸ್ ಮೀನು ಇನ್ನೂ ಸಿಕ್ಕಿಲ್ಲ."

ಮೈದುನ ಕ್ಲೇಟನ್‌ನ ಮೀನು ಹಿಡಿಯುವ ಸ್ಪರ್ಧೆಯ ದೋಣಿ ಎಬ್ಬಿಸಿದ ಅಲೆಗೆ ಅವಳ ಪುಟ್ಟ ದೋಣಿ ಹೊಯ್ದಾಡಿತು. ಮಾರ್ಲಾ ಗಾಳದ ಬೆಂಡಿನಿಂದ ಕಣ್ಣು ಕೀಳಲಿಲ್ಲ. ಪ್ರತಿ ಜನವರಿ, ಊರವರು ಎಸೆದ ಕ್ರಿಸ್‌ಮಸ್ ಮರಗಳಿಗೆ ಕಲ್ಲು ಕಟ್ಟಿ, ಮೀನು ಬಂದು ಸೇರಲೆಂದು ಅವಳ ಗಂಡ ರೋಯ್ಸ್ ಇಲ್ಲೇ ಮುಳುಗಿಸುತ್ತಿದ್ದ. ಜಾಗ ಗೊತ್ತಿದ್ದದ್ದು ಅವರಿಬ್ಬರಿಗೇ.

"ನೀನೂ ಅಣ್ಣನ ಥರಾನೇ. ಬೆಂಡು ನೋಡ್ತಾ ಕೂತ್ರೆ ವರ್ಷ ಕಳೆದ್ರೂ ಗೊತ್ತಾಗಲ್ಲ," ಎಂದು ನಕ್ಕು ಕ್ಲೇಟನ್ ಗಾಳ ಬೀಸಿದ.

"ಈ ಜಾಗ ನಿಂಗ್ಯಾರು ಹೇಳಿದ್ರು?"

"ಅವನೇ. ಆಸ್ಪತ್ರೇಲಿ, ಕೊನೇ ದಿನ. ಮಾತು ಬರ್ತಿರ್ಲಿಲ್ಲ. ಫೋನಲ್ಲಿ ಕೆರೆಯ ಮ್ಯಾಪ್ ಹಿಡಿದೆ, ಬೆರಳಿಟ್ಟು ತೋರಿಸ್ದ. ನೀನು ಕಾಫಿ ತರೋಕೆ ಹೋಗಿದ್ದೆ."

ಕಾಫಿಗೆ ಕಳಿಸಿದ್ದು ಕ್ಲೇಟನ್. ಅವಳು ಮರಳಿದಾಗ ರೋಯ್ಸ್‌ನ ಉಸಿರು ನಿಂತಿತ್ತು. ನಿದ್ದೆಯಲ್ಲೇ ಹೋದ, ಏನೂ ತಿಳಿಯಲಿಲ್ಲ ಎಂದು ಸಮಾಧಾನ ಹೇಳಿದ್ದೂ ಅವನೇ.

"ಎಚ್ಚರ ಇತ್ತಾ ಅವನಿಗೆ? ನನ್ನ ಹುಡುಕಿದ್ನಾ?"

ಕ್ಲೇಟನ್‌ನ ಗಾಳದ ಕೋಲು ಬಾಗಿತು. ಅವನು ದಾರ ಸುತ್ತುತ್ತಲೇ ಹೇಳಿದ: "ಬಾಗಿಲ ಕಡೇನೇ ನೋಡ್ತಿದ್ದ. ನಾನೇ ಮುಖ ಹಿಡಿದು ಫೋನಿನ ಕಡೆ ತಿರುಗಿಸ್ಬೇಕಾಯ್ತು."