ಕಡ್ಡಾಯ ವಿಷಯ

ಗಣಿತದಲ್ಲಿ ಡುಮ್ಕಿ ಹೊಡೆದರೆ ಮರುಪರೀಕ್ಷೆಯಾದರೂ ಇತ್ತು. ದೇಶನಿಷ್ಠೆಯಲ್ಲಿ ಫೇಲಾದರೆ ಶಾಲೆಯಿಂದಲೇ ಹೊರಗೆ. ವಿಜ್ಞಾನದ ಹಾಗೆ ಇದಕ್ಕೂ ಪ್ರಾಕ್ಟಿಕಲ್ ಬೇರೆ. ಕವಾಯತು ಮಾಡಿಸುತ್ತಾರೇನೋ ಎಂದುಕೊಂಡಿದ್ದಳು ತಾಯಿ.

ಸಂಜೆ ಅವರೆಕಾಯಿ ಸುಲಿಯುತ್ತಾ ಮಗಳಿಗೆ ಪಾಠ ಒಪ್ಪಿಸಲು ಹೇಳಿದಳು. ಗಂಡನನ್ನು ಜೀಪಿನವರು ಎಳೆದುಕೊಂಡು ಹೋಗಿ ತಿಂಗಳಾಗಿತ್ತು. ಊಟಕ್ಕೆ ಕೂತಾಗ ನಾಯಕರ ಭಾಷಣ ಕೇಳಿ ‘ಬರೀ ಬೊಗಳೆ’ ಅಂದಿದ್ದ, ಅಷ್ಟೇ. ಯಾವ ಪಾಪಿ ಹೋಗಿ ಚಾಡಿ ಹೇಳಿತೋ! ಪಕ್ಕದ ಮನೆಯ ವಾರಿಜಮ್ಮನೇ ಇರಬೇಕೆಂದು ಅವಳ ಜೊತೆ ಮಾತೇ ಬಿಟ್ಟಿದ್ದಳು. ಅವತ್ತಿನಿಂದ ಮಗಳೂ ಮಂಕಾಗಿದ್ದಳು.

ತಾಯಿ ಪುಸ್ತಕ ನೋಡಿ ಕೇಳಿದಳು: “ಮನೆಯಲ್ಲಿ ಯಾರಾದರೂ ನಾಯಕರನ್ನು ಹಳಿದರೆ ನೀನು ಏನು ಮಾಡುವೆ?”

ಹುಡುಗಿ ಒಂದು ಅವರೆಕಾಯಿ ಎತ್ತಿಕೊಂಡು ಸುಲಿಯತೊಡಗಿದಳು.

“ಶಿಕ್ಷಕರಿಗೆ ತಿಳಿಸುತ್ತೇನೆ ಅಂತ ಬರಿ, ಪುಟ್ಟಿ.”

“ಬೇಡಮ್ಮ.”

“ನಂಗೂ ಹೊಟ್ಟೆ ಉರಿಯುತ್ತೆ ಕಣೇ. ಆದ್ರೆ ಬರೆದ ಮಾತ್ರಕ್ಕೆ ಮಾಡಿದ ಹಾಗಾಯ್ತಾ? ನಿಮ್ಮಪ್ಪ ಇದ್ದಿದ್ರೂ ಬರಿ ಅಂತಲೇ ಹೇಳ್ತಿದ್ರು. ನೀನು ಪಾಸಾದ್ರೆ ಸಾಕು ನಂಗೆ.”

ಮಗಳು ಅಮ್ಮನ ಮುಖ ನೋಡಲಿಲ್ಲ. ಸುಲಿದ ಅವರೆಕಾಳನ್ನು ಕೈಯಲ್ಲಿ ಹಿಸುಕುತ್ತಾ ಮೆಲ್ಲಗೆ ಹೇಳಿದಳು.

“ಪಾಸಾಗ್ತೀನಮ್ಮ. ಅಪ್ಪನ್ನ ಕರ್ಕೊಂಡು ಹೋದ ದಿನವೇ ಮಿಸ್ಸು ನಂಗೆ ಪ್ರಾಕ್ಟಿಕಲ್‌ಗೆ ಪೂರ್ತಿ ಮಾರ್ಕ್ಸ್ ಹಾಕಿದ್ರು.”