ಹೇಳಬಾರದ ಹೆಸರು

ಹೊಸದಾಗಿ ಜೋಡಿಸಿದ ಕಂಪ್ಯೂಟರಿನ ಕೊನೆಯ ಸ್ಕ್ರೂ ಬಿಗಿದು, ಅಂಗಡಿಯ ಇರ್ಫಾನ್, ಆಸ್ಪತ್ರೆಯವರು ಕೊಟ್ಟಿದ್ದ ಪೆನ್‌ಡ್ರೈವ್ ಸಿಕ್ಕಿಸಿದ. ಅದರೊಳಗೆ ನೀಲವ್ವನ ಗಂಡನಿದ್ದ. ಸತ್ತವರನ್ನು ಹೀಗೆ ಮನೆಗೆ ಕರೆದೊಯ್ಯುವುದು ಹುಬ್ಬಳ್ಳಿಯಲ್ಲಿ ಈಗ ಎಲ್ಲರೂ ಮಾಡುವುದೇ.

"ಅಕ್ಕಾರ, ಇದನ್ನ ಒಂದ ಸಲ ಅಷ್ಟ ಇನ್‌ಸ್ಟಾಲ್ ಮಾಡಾಕ ಬರತೈತಿ. ಕಡೀಕ ಯಾರು ಬೇಕಂತ ಕೇಳ್ತೈತಿ. ಮನಿಯವರ ದನೀನ ಬೇಕು. ಒಂದು ನಿಮಿಷದಾಗ ಅವರ ಹೆಸರು ಹೇಳ್ರಿ, ಇಲ್ಲಂದ್ರ ಅಳಿಸಿ ಹೋಗ್ತೈತಿ."

ನೀಲವ್ವ ತಲೆಯಾಡಿಸಿದಳು. ಪರದೆಯ ಹಸಿರು ಗೆರೆ ಪೂರ್ತಿ ತುಂಬಿತು.

"ಯಾರನ್ನು ಎಬ್ಬಿಸಲಿ?" ಎಂದಿತು ಯಂತ್ರ.

ಹೆಸರು ಹಿಡಿದು ಕರೆದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅತ್ತೆ ಹೇಳಿದ್ದಳು. ಮೂವತ್ತೊಂದು ವರ್ಷ ನೀಲವ್ವ ಹಾಗೆ ಕರೆದಿರಲಿಲ್ಲ. ಪೆನ್‌ಡ್ರೈವಿನಲ್ಲಿ ಉಳಿದಿದ್ದ ಆಯುಷ್ಯಕ್ಕೂ ಈಗ ಹೆದರಿದಳು.

"ನಮ್ಮ ರತ್ನಾನ ಅಪ್ಪಾರು."

"ಆ ಹೆಸರಿನವರು ಇದರಲ್ಲಿಲ್ಲ."

"ನಮ್ಮ ಮನಿಯವರು... ರೀ, ನಾನ್ರೀ!"

"ಹೆಸರು ಹೇಳ್ರಿ ಅಕ್ಕಾರ!" ಇರ್ಫಾನ್ ಕೂಗಿದ. "ನಾ ಹೇಳಿದ್ರ ನಡಿಯೂದಿಲ್ಲ!"

ನೀಲವ್ವ ಸೆರಗನ್ನು ಬಾಯಿಗೊತ್ತಿಕೊಂಡು ಪರದೆಯನ್ನೇ ನೋಡುತ್ತಿದ್ದಳು. ಮೂರು, ಎರಡು, ಒಂದು. ಪೆನ್‌ಡ್ರೈವಿನ ದೀಪ ಆರಿತು. ಇರ್ಫಾನ್ ಖಾಲಿಯಾದ ಪೆನ್‌ಡ್ರೈವ್ ಕಿತ್ತು ಮೇಜಿನ ಮೇಲಿಟ್ಟ.

"ಹೊಸ ಬಳಕೆದಾರರಿಗೆ ಸ್ವಾಗತ," ಎಂದಿತು ಯಂತ್ರ, ಎಲ್ಲ ಖಾಲಿ ಕಂಪ್ಯೂಟರುಗಳಿಗೂ ಇರುವ ಅದೇ ದನಿಯಲ್ಲಿ. "ನಿಮ್ಮ ಹೆಸರೇನು?"

ನೀಲವ್ವ ಸೆರಗು ತೆಗೆದಳು. ಇನ್ನು ಕಡಿಮೆಯಾಗಲು ಏನೂ ಉಳಿದಿರಲಿಲ್ಲ.

"ಫಕೀರಪ್ಪ," ಎಂದಳು.

"ನಮಸ್ಕಾರ, ಫಕೀರಪ್ಪ," ಎಂದು ಯಂತ್ರ ಅವಳನ್ನು ಮಾತಾಡಿಸಿತು.