ಹೊಸ ಪಿಸ್ತೂಲಿನ ಸದ್ದು

ಅವನು ಮತ್ತೆ ತನ್ನ ತುಟಿಯನ್ನೇ ನೋಡುತ್ತಿದ್ದಾನೆ ಎಂಬುದು ಸುನಿತಾಗೆ ತಲೆ ಎತ್ತದೆಯೇ ತಿಳಿಯಿತು. ಕೈಯಲ್ಲಿದ್ದ ಹೊಸ ಪಿಸ್ತೂಲು ಒಮ್ಮೆಲೇ ಭಾರವಾಯಿತು.

"ಹಿಡಿಕಿ ಹೆಂಗೈತ್ರಿ?" ಮಾಂತೇಶ ಕೇಳಿದ.

"ಸಣ್ಣದೈತ್ರಿ ಸರ್. ನನ್ನ ಕೈಗೆ ಬರೊಬ್ಬರಿ ಕೂಡತೈತಿ."

ಮಾತು ಪೂರ್ತಿ ಮುಗಿದ ಮೇಲೆಯೇ ಅವನ ಕಣ್ಣು ಅವಳ ಮುಖ ಬಿಟ್ಟು ಪಿಸ್ತೂಲಿನ ಕಡೆ ಹೋಯಿತು.

ನವಲಗುಂದದಾಚೆ, ಗುಡ್ಡದ ಮಗ್ಗುಲಿನ ಫೈರಿಂಗ್ ರೇಂಜಿನಲ್ಲಿ ಅವತ್ತು ಮೂವರೇ. ಇಲಾಖೆ ಕೊಳ್ಳಬೇಕೆಂದಿದ್ದ ಸೆಮಿ ಆಟೋಮ್ಯಾಟಿಕ್ ಪಿಸ್ತೂಲಿನ ಮಾದರಿಯೊಂದು ಬಂದಿತ್ತು. ಹೊಡೆದು ನೋಡಿ, ಹೇಗಿದೆ ಎಂದು ಸಂಜೆಯೊಳಗೆ ಸಾಹೇಬರಿಗೆ ಹೇಳಬೇಕು. ಎ.ಎಸ್.ಐ. ದಾವೂದಸಾಬರು ಹಿರಿಯರು ಅಂತ, ಮಾಂತೇಶ ಬಂದೂಕು ರಿಪೇರಿ ಬಲ್ಲವನು ಅಂತ, ಕಾನ್‌ಸ್ಟೇಬಲ್ ಸುನಿತಾ ಸಣ್ಣ ಕೈಯವಳು ಅಂತ ಆರಿಸಿ ಕಳಿಸಿದ್ದರು.

ಮಾಂತೇಶನ ಆ ನೋಟ ಇವತ್ತಿನದಲ್ಲ. ಚಹಾಕ್ಕೆ ಕೂತಾಗ ಜಾಗ ಬದಲಿಸಿಯಾದರೂ ಅವಳ ಎದುರಿಗೇ ಬಂದು ಕೂರುತ್ತಿದ್ದ. ಎರೆಮಣ್ಣಿನ ದೂಳಿಗೆ ಅವಳು ಬಾಯಿಗೆ ಕರವಸ್ತ್ರ ಕಟ್ಟಿಕೊಂಡರೆ, "ಅದನ್ನ ತಗೀರಿ, ಮುಖಾನ ಕಾಣವಲ್ದು," ಅನ್ನುತ್ತಿದ್ದ. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ; ಮೆಸೇಜ್ ಹಾಕಿದರೆ ರೆಪ್ಪೆ ಬಡಿಯುವಷ್ಟರಲ್ಲಿ ಉತ್ತರ. ತನ್ನಂತೆಯೇ ನಾಚಿಕೆಯವನು ಎಂದುಕೊಂಡಿದ್ದಳು. ತನ್ನೂರು ಮೊರಬದ ಬಸ್ಸಿನ ಕಿಟಕಿಗೆ ತಲೆಯಾನಿಸಿ ಇವನ್ನೆಲ್ಲ ಒಂದೊಂದಾಗಿ ನೆನೆಯುತ್ತ ಎರಡು ವರ್ಷ ಕಳೆದಿದ್ದಳು. ಬಾಯಿ ಬಿಟ್ಟು ಮಾತ್ರ ಇಬ್ಬರೂ ಏನನ್ನೂ ಆಡಿರಲಿಲ್ಲ.

ಇವತ್ತು ಆಡಲೇಬೇಕಿತ್ತು. ಹೋದ ವಾರ ಅವಳನ್ನು ನೋಡಿಕೊಂಡು ಹೋಗಿದ್ದ ಅಣ್ಣಿಗೇರಿಯ ಗಂಡಿನವರು ಮತ್ತೆ ಮನೆಗೆ ಬರುವವರಿದ್ದರು. ಬೆಳಿಗ್ಗೆ ಅವಳು ಬಸ್ಸು ಹತ್ತುವಾಗ ಅಪ್ಪ ಕನಕಪ್ಪ ಹೇಳಿದ್ದ: "ಮನಸ್ಸಿಲ್ಲಂದ್ರ ಮಧ್ಯಾಹ್ನದೊಳಗ ಫೋನ್ ಮಾಡವಾ. ಕೈ ಮುಗದು ಕಳಿಸಿಕೊಡ್ತೀನಿ. ಒಮ್ಮೆ ಸಕ್ರಿ ತಿಂದು ಲಗ್ನದ ಮಾತು ಗಟ್ಟಿ ಆದ ಮ್ಯಾಲ ಮಾತ್ರ ಅದು ನನ್ನ ಕೈಯಾಗಿಲ್ಲ."

ದಾವೂದಸಾಬರು ಕೆಂಪು ಬಾವುಟ ಏರಿಸಿ, ಕಿವಿಗೆ ಹತ್ತಿ ತುರುಕಿಕೊಂಡು ಮೊದಲು ತಾವೇ ಹೊಡೆದರು. ಸದ್ದಿಗೆ ಗುಡ್ಡದ ನವಿಲುಗಳೆಲ್ಲ ಕೂಗಿಕೊಂಡವು. ಹತ್ತಿ ಇಟ್ಟಿದ್ದರೂ ಸುನಿತಾಳ ಹಲ್ಲು ಜುಮ್ಮೆಂದಿತು.

"ಇದರ ಗಂಟಲಾ ನಮ್ಮ ಮನ್ಯಾಕಿಗಿಂತ ಜೋರೈತಲೇ," ಎಂದರು ಅವರು, ಪಿಸ್ತೂಲು ನೋಡುತ್ತ.

ಸುನಿತಾ ನಕ್ಕಳು. ಅವಳು ನಕ್ಕಿದ್ದು ನೋಡಿ ಮಾಂತೇಶನೂ ನಕ್ಕ.

ಆಮೇಲೆ ಅವಳ ಸರದಿ. ಟ್ರಿಗರ್ ಮೆತ್ತಗಿತ್ತು. ಹೊಡೆದಾಗ ಕೈಗೆ ಬೀಳುವ ಝಟಕಾ ಹಳೆಯದಕ್ಕಿಂತ ಕಡಿಮೆ. ಖಾಲಿ ತೋಟಾಗಳು ಬಲಕ್ಕೆ ಹಾರಿ ದೂಳಿನಲ್ಲಿ ಬಿದ್ದವು. ಗುಂಡುಗಳು ಮಾತ್ರ ಗುರಿ ಬಿಟ್ಟು ಎಲ್ಲೆಲ್ಲೋ ಹೋದವು.

"ಇವತ್ತ ನಿನ್ನ ಚಿತ್ತ ಇಲ್ಲಿಲ್ಲವಾ," ಎಂದು ದಾವೂದಸಾಬರು ಸೊಂಟ ಹಿಡಿದುಕೊಂಡು ಬೇವಿನ ಗಿಡದ ನೆರಳಿಗೆ ನಡೆದರು. "ಮಾಂತೇಶಂದಾಗಲಿ. ನಾ ಅಲ್ಲೇ ಕುಂತು ನೋಡ್ತೀನಿ."

ಮಾಂತೇಶ ಗುರಿಗೆ ಮುಖ ಮಾಡಿ ನಿಂತ. ಸುನಿತಾ ಅವನ ಹಿಂದೆ, ಕೈ ಚಾಚಿದರೆ ಭುಜ ಸಿಗುವಷ್ಟು ಹತ್ತಿರ. ಅವನು ಕಿವಿಗೆ ಹತ್ತಿ ಎಂದೂ ಇಡುವವನಲ್ಲ. ಕೇಳಿದರೆ "ರೂಢಿ ಆಗೈತಿ" ಅನ್ನುವವನು. ಮುಖ ನೋಡಿ ಹೇಳುವುದು ಅವಳಿಗೆ ಈ ಜನ್ಮದಲ್ಲಿ ಆಗದ ಕೆಲಸ. ಬೆನ್ನಿಗಾದರೆ ಹೇಳಬಹುದು. ಅವನ ಉತ್ತರ ಎಲ್ಲಿ ತಪ್ಪಿಹೋಗುವುದೋ ಎಂದು ಅವಳು ತನ್ನ ಕಿವಿಯ ಹತ್ತಿಯನ್ನು ತೆಗೆದಳು.

"ಒಂದ್ ಮಾತು ಕೇಳ್ರಿ," ಎಂದಳು. ಇವತ್ತು 'ಸರ್' ಸೇರಿಸಲಿಲ್ಲ. "ಅಣ್ಣಿಗೇರಿಯವರು ಸಕ್ರಿ ತಿನ್ನಾಕ ಬಂದು ಕುಂತಾರ. ನನಗ ಮನಸ್ಸಿಲ್ಲ. ನನ್ನ ಮನಸ್ಸು ಎಲ್ಲೈತಿ ಅನ್ನೂದು ನಿಮಗೂ ಗೊತ್ತೈತಿ. ಅಪ್ಪಗ ಒಲ್ಲೆ ಅಂತ ಹೇಳಲೇನು? ನೀವು ಬರೇ ಹೂಂ ಅನ್ರಿ, ಸಾಕು."

ಅವನ ಭುಜ ಅಲುಗಲಿಲ್ಲ. ಗುಡ್ಡದ ಮೇಲೆ ನವಿಲೊಂದು ಕೂಗಿ ಸುಮ್ಮನಾಯಿತು. ಮಾಂತೇಶ ಮ್ಯಾಗಜಿನ್ ತೂರಿಸಿದ, ಸ್ಲೈಡು ಎಳೆದು ಬಿಟ್ಟ, ಕೈ ಚಾಚಿದ. ಒಂದರ ಹಿಂದೊಂದು ಹೊಡೆದ, ಮ್ಯಾಗಜಿನ್ ಖಾಲಿಯಾಗುವವರೆಗೂ. ಎಲ್ಲ ಗುಂಡುಗಳೂ ನಡುವಿನ ಕಪ್ಪು ವೃತ್ತದೊಳಗೇ ಬಿದ್ದವು. ಮನಸ್ಸು ಕದಡಿದವನ ಕೈ ಅಲ್ಲ ಅದು.

ಗುಂಯ್‌ಗುಡುವ ಕಿವಿಗಳನ್ನು ಹೊತ್ತು ಅವಳು ಜೀಪಿನ ಹಿಂದೆ ಹೋಗಿ ಮನೆಗೆ ಫೋನ್ ಮಾಡಿದಳು.

"ಅಪ್ಪಾ, ಆಗಲಿ."

"ಮನಸಾರೆ ಅನ್ನಾಕತ್ತಿ ಏನವಾ?"

"ಹೂಂ."

ಆ ಹೂಂ ಬೇರೆಯವರ ಬಾಯಿಂದ ಬರಬೇಕಾಗಿತ್ತು. ಅತ್ತ ಅಪ್ಪನ ದನಿ ಹಿಗ್ಗಿ ಏರಿತು: "ಹುಡುಗಿ ಒಪ್ಪ್ಯಾಳ, ಸಕ್ರಿ ತರ್ರಿ." ತಟ್ಟೆಯ ಸದ್ದು, ಹೆಂಗಸರ ನಗು, ಯಾರೋ ಹಿರಿಯರು ಬಾಯಿ ಚಪ್ಪರಿಸಿದ್ದು, ಎಲ್ಲವೂ ಸ್ಪಷ್ಟವಾಗಿ ಕೇಳಿಸಿತು. ಫೋನ್ ಇಟ್ಟಳು. ತುಟಿ ನಡುಗುವುದು ಯಾರಿಗೂ ಕಾಣದಿರಲೆಂದು ಕರವಸ್ತ್ರ ಬಿಗಿದುಕೊಂಡು ಬಂದಳು.

"ತೂಕ ಚೊಲೋ, ಹಿಡಿಕಿ ಚೊಲೋ, ಗುರಿ ಅಗದಿ ಚೊಲೋ," ಎಂದು ದಾವೂದಸಾಬರು ಬೆರಳು ಮಡಚುತ್ತಿದ್ದರು. "ಇನ್ನ ಸದ್ದಿಂದೊಂದ ಉಳೀತು. ಅದನ್ನ ಸಾಹೇಬರಿಗೆ ನೀನ ಹೇಳಲೇ ಮಾಂತೇಶ." ಬಾವುಟ ಇಳಿಸಲು ಹೊರಟುಹೋದರು.

ಮಾಂತೇಶ ಅವಳ ಎದುರಿಗೆ ಬಂದು ನಿಂತ. ಕರವಸ್ತ್ರದ ಕಡೆ ನೋಡಿದ. ದಾವೂದಸಾಬರು ದೂರ ಹೋದರೇ ಎಂದು ತಿರುಗಿ ನೋಡಿದ.

"ಅದನ್ನ ತಗೀರಿ," ಎಂದ, "ಇದರ ಸದ್ದು ಹೆಂಗೈತಿ ಅಂತ ನೀವ ನನಗ ಹೇಳಿಕೊಡ್ರಿ. ಯಾರಿಗೂ ಹೇಳಿಲ್ಲ, ನಿಮಗೊಬ್ಬರಿಗೇ ಹೇಳಾಕತ್ತೀನಿ: ನನ್ನ ಎರಡೂ ಕಿವಿ ಹೋಗಿ ಎರಡು ವರ್ಷಾತು, ನಿಮ್ಮ ತುಟಿ ನೋಡಿದ್ರಷ್ಟ ನನಗ ಮಾತು ತಿಳೀತೈತಿ."